ಎರಡನೇ ಪೋರ್ಟು

ಖಾಲಿ ಪರದೆ ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅವತ್ತು ಬೈಕಂಪಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಬೆಳಗ್ಗೆ ಹತ್ತರಿಂದ ಅದನ್ನೇ ನೋಡುತ್ತ ಕೂತಿದ್ದೆ.

ಬೀಜ ಒಣಗಿಸುವ ಯಂತ್ರ ಗಟ್ಟಿಮುಟ್ಟಾಗಿತ್ತು. ಅದನ್ನು ನಡೆಸುವ ಹಳೆಯ ಕಂಪ್ಯೂಟರ್ ಮಾತ್ರ ಗೊಟಕ್ ಎಂದಿತ್ತು. ಪುಣ್ಯಕ್ಕೆ ಡಿಸ್ಕ್ ಉಳಿದಿತ್ತು. ನಕಲು ಮಾಡಿ ಲ್ಯಾಪ್‌ಟಾಪಿನ ಎಮ್ಯುಲೇಟರಿಗೆ ಹಾಕಿದ್ದೆ. ಎಮ್ಯುಲೇಟರ್ ಎಂದರೆ ಸತ್ತ ಕಂಪ್ಯೂಟರಿನ ವೇಷ ಕಟ್ಟುವ ಸಾಫ್ಟ್‌ವೇರ್, ಒಳಗಿನ ಪ್ರೋಗ್ರಾಮಿಗೆ ಮೋಸ ಗೊತ್ತಾಗುವುದಿಲ್ಲ. ಆ ಕಂಪ್ಯೂಟರಿಗೆ ಸ್ವಂತ ಪರದೆ ಇರಲಿಲ್ಲ. ಮಾತೆಲ್ಲ ಸೀರಿಯಲ್ ಕೇಬಲಿನಲ್ಲಿ, ಒಂದೊಂದೇ ಅಕ್ಷರವಾಗಿ ಬರುತ್ತಿತ್ತು. ಈಗ ಅದು ನನ್ನ ಲ್ಯಾಪ್‌ಟಾಪಿನಲ್ಲಿ ಮೂಡಬೇಕಿತ್ತು. ಒಂದು ಚುಕ್ಕಿಯೂ ಮೂಡಲಿಲ್ಲ.

"ಬರ್ತದಾ ಎಲ್ರೊಯ್ ಸರ್?" ವಾರಿಜಾಕ್ಷಿ ಕೇಳಿದರು. ಹನ್ನೊಂದು ವರ್ಷದಿಂದ ಆ ಯಂತ್ರ ನಡೆಸುವವರು ಅವರೇ. ಅದಕ್ಕೂ ಮೊದಲು ಬೀಜ ಒಡೆಯುವ ಬೆಂಚಿನಲ್ಲಿದ್ದರು. ಗೇರೆಣ್ಣೆ ತಾಗಿ ಸುಟ್ಟ ಕಲೆ ಬೆರಳಿನಲ್ಲಿ ಇನ್ನೂ ಇತ್ತು. ಸಂಜೆ ನಾಲ್ಕರೊಳಗೆ ಆಗದಿದ್ದರೆ ಯಂತ್ರ ಗುಜರಿಗೆ, ವಾರಿಜಾಕ್ಷಿ ವಾಪಸ್ ಬೆಂಚಿಗೆ ಎಂದು ಕಾರ್ಖಾನೆಯ ಧನಿ ಚಿತ್ತರಂಜನ ಹೇಳಿ ಹೋಗಿದ್ದರು.

"ಆ ಬೆಂಚಿಗೆ ನಾನು ಸತ್ತರೂ ಹೋಗುವುದಿಲ್ಲ," ಎಂದರು ವಾರಿಜಾಕ್ಷಿ. ಲ್ಯಾಪ್‌ಟಾಪಿನ ಕಡೆ ಬಗ್ಗಿ, "ಕೇಬಲ್ ಎರಡನೇ ತೂತಿಗೆ ಹಾಕಿದ್ದೀರಲ್ಲ?" ಎಂದರು.

ನನಗೆ ನಗು ಬಂತು. "ಅಕ್ಕ, ಇಲ್ಲಿ ತೂತೂ ಇಲ್ಲ, ಕೇಬಲೂ ಇಲ್ಲ. ಎಲ್ಲ ಲ್ಯಾಪ್‌ಟಾಪಿನ ಒಳಗೇ ಉಂಟು."

ನಾನು ಅಕ್ಷರ ಬರುವ ವೇಗ ಬದಲಾಯಿಸಿದೆ. ಅವನ್ನು ತೋರಿಸುವ ಟರ್ಮಿನಲ್ ಬದಲಾಯಿಸಿದೆ. ಬಂದುಹೋಗುವ ಪ್ರತಿ ಅಕ್ಷರವೂ ದಾಖಲಾಗಲಿ ಎಂದು ಒಂದು ಲಾಗ್ ಫೈಲ್ ತೆರೆದಿಟ್ಟೆ, ಅದೂ ಖಾಲಿ. ಡಿಸ್ಕಿನ ನಕಲೇ ಹಾಳಾಗಿದೆಯೆಂದು ಮತ್ತೊಮ್ಮೆ ನಕಲು ಮಾಡಿದೆ. ಅದಕ್ಕೇ ಎರಡೂವರೆ ತಾಸು ದಂಡ. ಮೂರು ಗಂಟೆಗೆ ಹಳೆಯ ಕಂಪ್ಯೂಟರಿನ ಡಬ್ಬವನ್ನು ಸಿಟ್ಟಿನಿಂದ ಎತ್ತಿ ತಿರುಗಿಸಿದೆ. ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಎರಡು ತೂತು, ಅಂದರೆ ಪೋರ್ಟು. ಒಂದು ಕರಟಿ ಕಪ್ಪಾಗಿತ್ತು. ಇನ್ನೊಂದಕ್ಕೆ ಕೆಂಪು ಟೇಪು.

"ಇದು ಎಂತ?"

"ಸಿಡಿಲು ಬಡಿದದ್ದು. ಎಲೆಕ್ಟ್ರಿಷಿಯನ್ ಚೆನ್ನಪ್ಪಣ್ಣ ಒಳಗೆ ಎಂತದೋ ಬದಲು ಮಾಡಿ ಕೇಬಲನ್ನು ಎರಡನೆಯದಕ್ಕೆ ಹಾಕಿದ್ರು. ಬೆಳಗ್ಗೆಯೇ ಹೇಳಿದೆನಲ್ಲ ಮಾರಾಯ್ರೆ!"

ಹೇಳಿದ್ದರು. ಕಂಪ್ಯೂಟರ್ ಹೋಗಿದ್ದರೂ ಚೆನ್ನಪ್ಪನ ಬದಲಾವಣೆ ಡಿಸ್ಕಿನಲ್ಲಿ ಹಾಗೇ ಇತ್ತು. ಪ್ರೋಗ್ರಾಮು ಪಾಪ ಬೆಳಗ್ಗೆಯಿಂದ ಎರಡನೇ ಪೋರ್ಟಿನಲ್ಲಿ ಕೂಗುತ್ತಿತ್ತು, ನಾನು ಒಂದನೆಯದಕ್ಕೆ ಕಿವಿ ಕೊಟ್ಟಿದ್ದೆ. ನನ್ನ ಎಮ್ಯುಲೇಟರಿನಲ್ಲಿ ಎರಡನೇ ಪೋರ್ಟೇ ಇರಲಿಲ್ಲ. ಸೆಟ್ಟಿಂಗಿನಲ್ಲಿ ಅದಕ್ಕೆ ಒಂದು ಸಾಲು ಸೇರಿಸಿ ಲಾಗನ್ನೂ ಅತ್ತ ತಿರುಗಿಸಿದೆ. ಅಕ್ಷರಗಳು ದಡದಡನೆ ಇಳಿದು ಪಾಸ್‌ವರ್ಡ್ ಕೇಳಿ ನಿಂತವು. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ವಾರಿಜಾಕ್ಷಿ ಬಗ್ಗಿ, ನೋಡದೆಯೇ ಎಂಟು ಅಕ್ಷರ ಒತ್ತಿದರು. ಮೆನು ಬಂತು. ಲ್ಯಾಪ್‌ಟಾಪಿನಿಂದ ಯಂತ್ರಕ್ಕೆ ಕೇಬಲ್ ಸಿಕ್ಕಿಸಿದೆವು. ಫ್ಯಾನು ತಿರುಗಿತು. "ಅಬ್ಬಾ!" ಎಂದು ಅವರು ಕಣ್ಣೊರೆಸಿಕೊಂಡರು.

ಫ್ಯಾನಿನ ಶಬ್ದ ಕೇಳಿ ಚಿತ್ತರಂಜನ ಬಂದರು. ಲ್ಯಾಪ್‌ಟಾಪನ್ನೂ ಯಂತ್ರವನ್ನೂ ಎರಡೆರಡು ಸಲ ನೋಡಿದರು.

"ಭಾರೀ ಲಾಯ್ಕಾಯ್ತು. ಇದನ್ನು ಇನ್ನು ಆಫೀಸಿನಲ್ಲೇ ಇಡುವ, ಅಲ್ಲಿಯ ಕ್ಲಾರ್ಕ್ ಅನುಷ್ಕಾ ನೋಡಿಕೊಳ್ತಾಳೆ. ವಾರಿಜಕ್ಕ, ಆ ಪಾಸ್‌ವರ್ಡ್ ಒಂದು ಕಾಗದದಲ್ಲಿ ಬರೆದು ಕೊಡಿ. ನಾಳೆಯಿಂದ ನಿಮಗೆ ಬೆಂಚಿನಲ್ಲಿ ಜಾಗ ಮಾಡ್ತೇನೆ."

ವಾರಿಜಾಕ್ಷಿಯ ಕೈ ಸೆರಗಿನೊಳಗೆ ಹೋಯಿತು.

"ಬರೆಯಲಿಕ್ಕೆ ನೆನಪಿಲ್ಲ ಧನಿಗಳೇ. ಬೆರಳಿಗೆ ಮಾತ್ರ ಗೊತ್ತುಂಟು."

"ಇದೆಂತ ಕತೆ!" ಚಿತ್ತರಂಜನ ನನ್ನ ಕಡೆ ತಿರುಗಿದರು. "ಎಲ್ರೊಯ್, ನಿಮಗೆ ಒಳಗಿಂದ ತೆಗೆಯಲಿಕ್ಕೆ ಆಗ್ತದಾ?"

ಲಾಗ್ ಫೈಲ್ ತೆರೆದೇ ಇತ್ತು. ಮೆನುವಿನ ಮೇಲಿನ ಸಾಲಿನಲ್ಲಿ ಪಾಸ್‌ವರ್ಡಿನ ಎಂಟು ಅಕ್ಷರ, ಯಾರು ಬೇಕಾದರೂ ಓದಬಹುದಾದಷ್ಟು ಸ್ಪಷ್ಟ. ವಾರಿಜಾಕ್ಷಿ ಅದನ್ನು ನೋಡಿದರು. ನನ್ನನ್ನೂ ನೋಡಿದರು.

"ಇಲ್ಲ ಸರ್, ಹಳೇ ಸಿಸ್ಟಮ್," ಎಂದು ಫೈಲನ್ನು ಅಳಿಸಿದೆ. "ಇದಕ್ಕೆ ಇವರೇ ಬೇಕು."