ತಾಲೀಮಿನ ಗೆಲುವು

ಮಧುಮತಿಯ ಕೆಲಸ ಎಂಥದ್ದೆಂದು ಬಿಟಿಎಂ ಲೇಔಟಿನ ಆ ಬೀದಿಯಲ್ಲಿ ಸರಿಯಾಗಿ ಬಲ್ಲವರು ಯಾರೂ ಇರಲಿಲ್ಲ. ಮನೆ ಮಾಲೀಕರ ಹೆಂಡತಿ ಸೊಣ್ಣಮ್ಮ ಮಾತ್ರ ಬಂದವರಿಗೆಲ್ಲ, "ನಮ್ಮ ಮೇಲ್ಗಡೆ ಮನೆಯೋಳು ಮಿಲ್ಟ್ರೀಲಿ ಅವ್ಳೆ" ಎಂದು ಹೇಳಿ, ಎದುರಿನವರ ಹುಬ್ಬು ಮೇಲೇರುವುದನ್ನು ನೋಡಿ ಸುಖಪಡುತ್ತಿದ್ದಳು. ಹಾಗೆ ಕೇಳಿಸಿಕೊಂಡವರು, ಸಂಜೆ ರಿಂಗ್ ರೋಡಿನಲ್ಲಿ ಬಸ್ಸಿಳಿದು ಮೆಂತ್ಯಸೊಪ್ಪಿನ ಕಟ್ಟು ಹಿಡಿದು ಬರುವ ಸಣಕಲು ಹೆಂಗಸನ್ನು ಕಂಡು ನಿರಾಶರಾಗುತ್ತಿದ್ದರು. ಬಂದೂಕಿನ ಮಾತು ಹಾಗಿರಲಿ, ಗಾಳಿ ಬಂದರೆ ಅವಳ ಕೈಯಲ್ಲಿ ಛತ್ರಿಯೇ ನಿಲ್ಲುತ್ತಿರಲಿಲ್ಲ.

ಕೆಲಸ ಸೈನ್ಯದ್ದೇ, ಆದರೆ ಸಮವಸ್ತ್ರದ್ದಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ, ಗಂಡ ಸಂಗಮೇಶನ ಜೊತೆ ಬೆಂಗಳೂರಿಗೆ ಬಂದವಳು ಬನಶಂಕರಿಯ ಹಳೇ ಕಟ್ಟಡವೊಂದರಲ್ಲಿದ್ದ ವಿಶ್ಲೇಷಣಾ ಘಟಕಕ್ಕೆ ಗುತ್ತಿಗೆಯ ಮೇಲೆ ಸೇರಿದ್ದಳು. ಸೇನೆಯ ದೊಡ್ಡವರು ಅಲ್ಲಿಗೆ ಪ್ರಶ್ನೆ ಕಳಿಸುತ್ತಿದ್ದರು. ಇಂಥ ಕಡೆ ಇಷ್ಟು ಟ್ರಕ್ಕು ಸಾಕೇ, ಈ ಹಾದಿ ಮುಚ್ಚಿದರೆ ಯಾವ ಹಾದಿ ಹಿಡಿಯಬೇಕು, ಹೀಗೆ. ಘಟಕದವರು ಅದನ್ನು ಕಂಪ್ಯೂಟರಿನೊಳಗೆ ಯುದ್ಧವಾಗಿ ಆಡಿಸಿ, ಏನಾಯಿತೆಂದು ಬರೆದು ಕಳಿಸುತ್ತಿದ್ದರು. ನಮ್ಮದು ನೀಲಿ ಪಡೆ, ಎದುರಾಳಿಯದು ಕೆಂಪು ಪಡೆ. ಹೀಗೆ ಮಾಡಿದರೆ ಹೀಗಾಗಬಹುದು ಎಂದು ಹೇಳುವಲ್ಲಿಗೆ ಘಟಕದ ಕೆಲಸ ಮುಗಿಯಿತು. ಮಾಡಬೇಕೋ ಬೇಡವೋ ಎನ್ನುವುದು ಹೆಗಲ ಮೇಲೆ ನಕ್ಷತ್ರ ಹೊತ್ತವರಿಗೆ ಬಿಟ್ಟದ್ದು.

ಭಾನುವಾರ ಮಧ್ಯಾಹ್ನ ಸೊಣ್ಣಮ್ಮನ ಜಗಲಿಯಲ್ಲಿ ಚೌಕಾಬಾರ ಆಡುವಾಗ ಈ ವಿಷಯ ಒಮ್ಮೆ ಬಂತು.

"ಅಲ್ಲ ಕಣಮ್ಮ, ಯಾರು ಗೆಲ್ತಾರೆ ಅಂತ ಆ ಕಂಪ್ಯೂಟರ್‌ಗೆ ಹೆಂಗ್ ಗೊತ್ತಾಯ್ತದೆ?"

"ಹಿಂಗs ಅಮ್ಮಾ," ಎಂದು ಮಧುಮತಿ ಕೈಯಲ್ಲಿದ್ದ ಕವಡೆ ತೋರಿಸಿದಳು. "ಗುಂಡು ತಾಗ್ತೈತೋ ಇಲ್ಲೋ, ಸೇತುವೆ ಮುರೀತೈತೋ ಇಲ್ಲೋ, ಎಲ್ಲಾದಕ್ಕೂ ಅದು ಒಳಗೊಳಗ ಕವಡಿ ಹಾಕ್ತೈತಿ."

"ಕವಡೆ ಅಂದ್ಮೇಲೆ ಒಂದೊಂದ್ ಸತಿ ಒಂದೊಂದ್ ಥರ ಬೀಳ್ತದಲ್ಲ?"

"ಅದಕ್ಕs ಒಂದ ಯುದ್ಧ ನೂರು ಸಲ ಆಡಸ್ತೀವಿ. ಎಷ್ಟು ಸಲ ಗೆದ್ವಿ, ಎಷ್ಟು ಸಲ ಸೋತ್ವಿ ಅಂತ ನೋಡ್ತೀವಿ."

ಕಂಪ್ಯೂಟರಿನ ಕವಡೆಗೆ ಒಂದು ಗುಣವಿತ್ತು. ಅದನ್ನು ಅವಳು ಸೊಣ್ಣಮ್ಮನಿಗೆ ಹೇಳಲಿಲ್ಲ. ಆಟ ಶುರುವಾಗುವ ಮೊದಲು ಅದಕ್ಕೊಂದು ಅಂಕಿ ಕೊಡಬೇಕು. ಆಫೀಸಿನಲ್ಲಿ ಅದನ್ನು ಸೀಡ್ ಅನ್ನುತ್ತಿದ್ದರು. ಬೇರೆ ಬೇರೆ ಸೀಡ್ ಕೊಟ್ಟರೆ ಕವಡೆ ಬೇರೆ ಬೇರೆಯಾಗಿ ಬೀಳುತ್ತದೆ. ಒಂದೇ ಸೀಡ್ ಮತ್ತೆ ಕೊಟ್ಟರೆ ಕವಡೆಯೂ ಅದೇ ಕ್ರಮದಲ್ಲಿ ಬಿದ್ದು, ಅದೇ ಗುಂಡು ಅದೇ ಟ್ರಕ್ಕಿಗೆ ತಾಗಿ, ನಿನ್ನೆಯ ಯುದ್ಧ ಕೂದಲೆಳೆಯಷ್ಟೂ ಬದಲಾಗದೆ ಇವತ್ತೂ ನಡೆಯುತ್ತದೆ.

ಈ ಗುಣದಿಂದ ಘಟಕದಲ್ಲಿ ಒಂದು ಸಂಪ್ರದಾಯ ಬೆಳೆದಿತ್ತು. ಹಿಂದೊಮ್ಮೆ ನೋಡಲು ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರ ನೀಲಿ ಪಡೆ, ಬಿಸ್ಕತ್ತಿನ ತಟ್ಟೆ ಬರುವ ಮೊದಲೇ ಪೂರ್ತಿ ನಿರ್ನಾಮವಾಗಿಬಿಟ್ಟಿತ್ತು. ಅವರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರು, ವರ್ಷವಿಡೀ ಘಟಕಕ್ಕೆ ಹೊಸ ಕಂಪ್ಯೂಟರ್ ಬರಲಿಲ್ಲ. ಆಮೇಲೆ ಘಟಕದ ಮುಖ್ಯಸ್ಥ ರವಿಕುಮಾರ್ ಒಂದು ಉಪಾಯ ಹೂಡಿದರು. ಅತಿಥಿ ಬರುವ ಹಿಂದಿನ ದಿನ ತಾಲೀಮು. ನೀಲಿ ಪಡೆ ಒಂದಿಷ್ಟು ಪೆಟ್ಟು ತಿಂದು, ಕೊನೆಗೆ ಗೌರವವಾಗಿ ಗೆಲ್ಲುವಂಥ ಆಟ ಸಿಕ್ಕಿದ ಮೇಲೆ ಆ ಸೀಡ್ ಅನ್ನು ಎತ್ತಿಟ್ಟುಕೊಳ್ಳುವುದು, ಮರುದಿನ ಅದನ್ನೇ ಕೊಡುವುದು. ಅತಿಥಿಗೂ ಸಂತೋಷ, ಘಟಕಕ್ಕೂ ಕ್ಷೇಮ. ಇದು ಬರೀ ಪ್ರದರ್ಶನ ತಾನೇ, ಅಧ್ಯಯನ ಬೇರೆ, ತೋರಿಕೆ ಬೇರೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಮಧುಮತಿಯೂ ಒಪ್ಪಿಕೊಂಡಿದ್ದಳು. ಎಷ್ಟೋ ತಾಲೀಮುಗಳನ್ನು ಅವಳೇ ಮುಂದೆ ನಿಂತು ಮಾಡಿಸಿದ್ದಳು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಗಡಿಯ ಕಡೆಯಿಂದ ಒಬ್ಬ ಜನರಲ್ ಬರುತ್ತಾರೆಂದು ಪತ್ರ ಬಂತು. ಅವರ ಬ್ರಿಗೇಡೊಂದು, ಅಂದರೆ ಮೂರು ಸಾವಿರ ಜನರ ಪಡೆ, ಯುದ್ಧವಾದರೆ ಒಂದು ನದಿ ದಾಟಬೇಕಿತ್ತು. ದಾಟಲು ಟ್ರಕ್ಕಿನ ಮೇಲೆ ಸಾಗಿಸಿ ನೀರಿನ ಮೇಲೆ ಹಾಸುವ ಎರಡು ಸೇತುವೆಗಳಿದ್ದವು. ಒಂದೇ ಸೇತುವೆಯಿಂದ ದಾಟುವುದನ್ನು ತೋರಿಸಿ ಎಂದು ಪತ್ರದಲ್ಲಿತ್ತು. ತೋರಿಸಿ ಎಂಬ ಒಂದು ಮಾತು ಕಂಡದ್ದೇ ರವಿಕುಮಾರ್, "ಮಧುಮತಿ, ಒಂದು ತಾಲೀಮು ಇಟ್ಕೊಂಬಿಡಿ" ಎಂದರು.

ತಾಲೀಮಿನಲ್ಲಿ ಮೊದಲ ಆಟ ಸೋತಿತು. ಸೇತುವೆಯ ನಡುವೆ ಒಂದು ಟ್ರಕ್ಕು ಹೊತ್ತಿಕೊಂಡು, ಅರ್ಧ ಪಡೆ ಆಚೆ, ಅರ್ಧ ಈಚೆ ಉಳಿಯಿತು. ಎರಡನೆಯದೂ ಸೋತಿತು. ಮೂರನೆಯದರಲ್ಲಿ ನೀಲಿ ಪಡೆ ಸಂಜೆಗೆ ಮುಂಚೆ ಆಚೆ ದಡದಲ್ಲಿತ್ತು. "ಇದು ಚೆನ್ನಾಗಿದೆ, ಇದನ್ನೇ ಇಟ್ಕೊಳ್ಳಿ" ಎಂದು ರವಿಕುಮಾರ್ ಎದ್ದರು. ಅವಳೂ ಇಟ್ಟುಕೊಂಡಳು.

ಮರುದಿನ ಜನರಲ್ ಬಂದರು. ಮಾತು ಕಡಿಮೆ, ಕೇಳುವುದು ಜಾಸ್ತಿ. ಒಳಗೆ ನಡೆದದ್ದೆಲ್ಲ ಇಂಗ್ಲಿಷಿನಲ್ಲೇ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನೀಲಿ ಚುಕ್ಕಿಗಳು ಒಂದೊಂದಾಗಿ ನದಿ ದಾಟಿದವು. ನಡುವೆ ಎರಡು ಚುಕ್ಕಿ ಆರಿದವು, ಜನರಲ್ ಮುಂದಕ್ಕೆ ಬಾಗಿದರು, ಉಳಿದವು ದಾಟಿಕೊಂಡವು. ನಿನ್ನೆಯಂತೆಯೇ ಎಲ್ಲವೂ ಸಾಂಗವಾಗಿ ಮುಗಿಯಿತು.

"ಹಾಗಾದರೆ ಒಂದು ಸೇತುವೆ ಸಾಕು," ಎಂದರು ಜನರಲ್. ಪಕ್ಕದಲ್ಲಿದ್ದ ಕರ್ನಲ್ ಕಡೆ ಕೈ ಚಾಚಿದರು. "ಆ ಕಾಗದ ಕೊಡಿ. ಎರಡನೆಯದನ್ನು ಈ ವಾರವೇ ಉತ್ತರದ ಗಡಿಯವರಿಗೆ ಕಳಿಸೋಣ."

ಮಧುಮತಿಗೆ ಆಗ ಅರ್ಥವಾಯಿತು. ಜನರಲ್ ತಮಾಷೆ ನೋಡಲು ಬಂದಿರಲಿಲ್ಲ, ಉತ್ತರ ಕೇಳಲು ಬಂದಿದ್ದರು. ತಾವು ಆರಿಸಿ ಇಟ್ಟ ಒಂದು ಆಟವನ್ನು ನಂಬಿ ಆ ಮನುಷ್ಯ ಮೂರು ಸಾವಿರ ಜನರ ಸೇತುವೆಗೆ ಸಹಿ ಹಾಕಲು ಪೆನ್ನು ತೆಗೆದಿದ್ದ. ಅವಳು ರವಿಕುಮಾರ್ ಕಡೆ ನೋಡಿದಳು. ಅವರಿಗೂ ಅರ್ಥವಾಗಿತ್ತು, ಅವರ ಮುಖ ಬಿಳಿಚಿಕೊಂಡಿತ್ತು. ಆದರೂ ಅವರು ಬೇಡವೆಂಬಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು.

ರವಿಕುಮಾರ್ ಕೆಟ್ಟವರೇನಲ್ಲ. ಮಧುಮತಿಯ ಅರ್ಜಿಯನ್ನು ಕಸದ ಬುಟ್ಟಿಯ ಬಾಯಿಂದ ಎತ್ತಿ ಕೆಲಸಕ್ಕೆ ತೆಗೆದುಕೊಂಡವರು ಅವರೇ. ಅವಳ ಮಗು ಸಣ್ಣದಿದ್ದಾಗ ಬೇಗ ಮನೆಗೆ ಕಳಿಸಿದವರೂ ಅವರೇ. ನಿವೃತ್ತಿ ಹತ್ತಿರವಿತ್ತು, ಪದ್ಮನಾಭನಗರದ ಮನೆಯ ಮೇಲೆ ಒಂದು ರೂಮು ಕಟ್ಟಿಸುತ್ತಿದ್ದರು. ಇದನ್ನೆಲ್ಲ ಯೋಚಿಸುತ್ತ ನಿಂತರೆ ಬಾಯಿ ಏಳುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಹಾಗಾಗಿ ಯೋಚಿಸಲಿಲ್ಲ.

"ಸರ್, ದಯವಿಟ್ಟು ಸಹಿ ಮಾಡಬೇಡಿ. ನೀವು ನೋಡಿದ್ದು ನಿನ್ನೆಯ ಆಟ."

ಅವಳು ಸೀಡ್ ಏನೆಂದು ಹೇಳಿದಳು, ತಾಲೀಮು ಏನೆಂದು ಹೇಳಿದಳು, ಎರಡು ಸಲ ಸೋತು ಮೂರನೆಯದನ್ನು ಆರಿಸಿದ್ದನ್ನು ಹೇಳಿದಳು. "ಆರಿಸಿದ್ದು ನಾನೇ," ಎಂದೂ ಸೇರಿಸಿದಳು. ರವಿಕುಮಾರ್ ಮೇಜು ನೋಡುತ್ತಿದ್ದರು.

ಜನರಲ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಸರಿ. ಹಳೇ ಅಂಕಿ ಬಿಟ್ಟು, ನನ್ನೆದುರು ಹೊಸದಾಗಿ ಆಡಿಸಿ."

ಆಡಿಸಿದಳು. ನೀಲಿ ಪಡೆ ಗೆದ್ದಿತು. ಮತ್ತೊಂದು ಸೀಡ್ ಕೊಟ್ಟಳು, ಮತ್ತೆ ಗೆದ್ದಿತು. ಮೂರನೆಯ ಸಲ ಗೆದ್ದಾಗ ಕರ್ನಲ್ ನಕ್ಕೇಬಿಟ್ಟರು. ಗೋಡೆ ಬದಿಯಲ್ಲಿ ಕೂತಿದ್ದ ಕಿರಿಯ ಅಧಿಕಾರಿಗಳ ನಡುವೆ ಗುಸುಗುಸು ಎದ್ದಿತು. ರವಿಕುಮಾರ್ ಮೊದಲ ಸಲ ತಲೆ ಎತ್ತಿದರು. ಮಧುಮತಿಗೆ ಸುಳ್ಳನ್ನು ಬಯಲು ಮಾಡಲು ಹೋಗಿ ಅದಕ್ಕೆ ತಾನೇ ಮೂರು ಸಲ ಮುದ್ರೆ ಒತ್ತಿ ಕೊಟ್ಟಂತಾಗಿತ್ತು. ನೂರಕ್ಕೆ ಎಪ್ಪತ್ತು ಸಲ ಗೆಲ್ಲುವವನು ಸತತವಾಗಿ ಮೂರು ಸಲ ಗೆಲ್ಲುವುದು ಯಾವ ಪವಾಡವೂ ಅಲ್ಲ. ಅವಳ ವಿದ್ಯೆಯಲ್ಲಿ ಅದು ಅಆಇಈ. ಆದರೆ ಕಣ್ಣಾರೆ ಮೂರು ಗೆಲುವು ಕಂಡವರಿಗೆ ಅದನ್ನು ಹೇಗೆ ಹೇಳುವುದು?

"ಸರ್, ಮೂರು ಸಲ ಸಾಲದು."

"ಇನ್ನೆಷ್ಟು ಸಲ ಗೆಲ್ಲಬೇಕು ಮೇಡಂ ನಾನು?" ಜನರಲ್ ದನಿಯಲ್ಲಿ ಈಗ ಅಸಹನೆಯಿತ್ತು. ಅವರ ವಿಮಾನಕ್ಕೆ ಹೊತ್ತಾಗಿತ್ತು.

"ಇಲ್ಲಿ ನೂರು ಸಲ ಆಡಬೇಕು ಸರ್. ಅಲ್ಲಿ ನಿಮ್ಮವರಿಗೆ ಸಿಗುವುದು ಒಂದೇ ಸಲ."

ಜನರಲ್ ಪೆನ್ನಿನ ಮುಚ್ಚಳ ಹಾಕಿದರು. "ಶುಕ್ರವಾರದೊಳಗೆ ನನಗೆ ಅಂಕಿ ಬರಬೇಕು" ಎಂದು ಹೇಳಿ, ಟೋಪಿ ತೆಗೆದುಕೊಂಡು ಹೊರಟರು.

ಅವತ್ತು ಮನೆಯಲ್ಲಿ ಸಂಗಮೇಶ ಎಲ್ಲವನ್ನೂ ಕೇಳಿ, ತಟ್ಟೆಯಲ್ಲಿದ್ದ ರೊಟ್ಟಿ ಮುರಿಯದೆ ಕೂತ.

"ಗುತ್ತಿಗಿ ಮುಂದುವರಸೋ ಕಾಗದ ರವಿಕುಮಾರ್ ಅವರ ಟೇಬಲ್ ಮ್ಯಾಲ ಐತಿ ಅಂದಿದ್ದಿ. ಸುಮ್ಮ ಕುಂತಿದ್ರ ಏನ್ ಹೋಗ್ತಿತ್ತು?"

"ಸೇತುವೆ ಹೋಗ್ತಿತ್ರೀ."

"ಅದು ನಿಂದೇನು?"

ಅವಳಿಗೆ ಅಳು ಬಂತು. ಬಂದ ಅಳುವನ್ನು ತಡೆಯಲಿಲ್ಲ. ಸಂಗಮೇಶ ಎದ್ದು ಬಂದು ಪಕ್ಕದಲ್ಲಿ ಕೂತ, ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಗುರುವಾರದ ಹೊತ್ತಿಗೆ ಒಂದು ಸೇತುವೆಯದು ನೂರು, ಎರಡರದು ನೂರು ಆಟ ಮುಗಿದವು. ಒಂದು ಸೇತುವೆಯಿದ್ದರೆ ನೂರರಲ್ಲಿ ಇಪ್ಪತ್ತೊಂಬತ್ತು ಸಲ ಪಡೆ ದಾಟಲಾಗದೆ ನಾಶವಾಗುತ್ತಿತ್ತು. ಎರಡಿದ್ದರೆ ಆರು ಸಲ. ಅವಳು ಎರಡು ಸಾಲು ಬರೆದಳು, ಅಭಿಪ್ರಾಯ ಸೇರಿಸಲಿಲ್ಲ. ಆದರೆ ಮನಸ್ಸಿನಲ್ಲಿ ಅಭಿಪ್ರಾಯವಿತ್ತು. ಇಷ್ಟು ದೊಡ್ಡ ಅಂತರ ಕಂಡ ಮೇಲೆ ಯಾವ ಜನರಲ್ ತಾನೇ ಸೇತುವೆ ಕಳಿಸಿಯಾನು ಎಂದುಕೊಂಡಳು. ರವಿಕುಮಾರ್ ಓದಿ, ಸಹಿ ಮಾಡಿ ಕಳಿಸಿದರು. ಅವಳ ಗುತ್ತಿಗೆಯ ಕಾಗದಕ್ಕೂ ಸಹಿ ಮಾಡಿದ್ದಾರೆಂದು ಗುಮಾಸ್ತೆ ಕಾತ್ಯಾಯಿನಿ ಬಂದು ಹೇಳಿದಳು. ಆದರೆ ಹನ್ನೊಂದು ಗಂಟೆಯ ಕಾಫಿಗೆ ಅವರು ಮಧುಮತಿಯನ್ನು ಕರೆಯುವುದು ನಿಂತುಹೋಯಿತು. ಇಷ್ಟು ವರ್ಷ ಒಟ್ಟಿಗೆ ಕುಡಿದ ಕಾಫಿ. ಅವಳಿಗೆ ಅದು ಬಹಳ ಚುಚ್ಚಿತು.

ಎರಡು ವಾರ ಬಿಟ್ಟು ಕಡತ ವಾಪಸು ಬಂತು. ರವಿಕುಮಾರ್ ಅವಳನ್ನು ಒಳಗೆ ಕರೆದು, ಕೂರಲೂ ಹೇಳದೆ, ಅದನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು.

ಜನರಲ್ ಸಹಿ ಮಾಡಿದ್ದರು. ಎರಡನೆಯ ಸೇತುವೆ ಉತ್ತರಕ್ಕೆ ಹೋಗುತ್ತಿತ್ತು.

"ನೋಡಮ್ಮ," ಎಂದರು ರವಿಕುಮಾರ್. "ಅದೇ ಆದೇಶ, ಅದೇ ಸಹಿ. ಇಷ್ಟಕ್ಕೆ ಅಷ್ಟು ಜನರ ಮುಂದೆ ನನ್ನ ಮಾನ ಕಳೆದೆ."

ನೂರು ಆಟ ಆಡಿಸಿದ್ದು, ರವಿಕುಮಾರ್ ಮಾತು ಬಿಟ್ಟಿದ್ದು, ಎಲ್ಲವೂ ನೀರಿನಲ್ಲಿ ಹೋಮ ಮಾಡಿದಂತಾಯಿತೇ ಎಂದು ಮಧುಮತಿಗೆ ಸಂಕಟವಾಯಿತು. ಕಡತ ಮುಚ್ಚಲು ಕೈ ಹಾಕಿದವಳಿಗೆ ಸಹಿಯ ಕೆಳಗೆ ಕೈಬರಹ ಕಂಡಿತು. ಅಕ್ಷರ ಓರೆಯಾಗಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು.

"ನೂರರಲ್ಲಿ ಇಪ್ಪತ್ತೊಂಬತ್ತು ಸಲ ದಾಟಲಾಗದೆಂದು ತಿಳಿದು ಸಹಿ ಮಾಡಿದ್ದೇನೆ. ಉತ್ತರದವರ ಬಳಿ ಒಂದು ಸೇತುವೆಯೂ ಇಲ್ಲ. ಹೊಣೆ ನನ್ನದು."

ರವಿಕುಮಾರ್ ಕನ್ನಡಕ ಹಾಕಿಕೊಂಡು ಕಡತವನ್ನು ತಮ್ಮತ್ತ ಎಳೆದುಕೊಂಡರು. ಸಹಿ ನೋಡಿದವರು ಕೆಳಗಿನದನ್ನು ಓದಿರಲಿಲ್ಲ. ಈಗ ಓದಿದರು, ಇನ್ನೊಮ್ಮೆ ಓದಿದರು. ಅವತ್ತು ಮಧುಮತಿ ಬಾಯಿ ಬಿಡದಿದ್ದರೆ ಈ ಸಾಲಿನ ಜಾಗದಲ್ಲಿ ಏನಿರುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಏನೂ ಇರುತ್ತಿರಲಿಲ್ಲ. ಆ ಮನುಷ್ಯ ಒಂದು ಸೇತುವೆ ಸಾಕೆಂದು ನಂಬಿ ನೆಮ್ಮದಿಯಾಗಿ ವಿಮಾನ ಹತ್ತಿರುತ್ತಿದ್ದ.

"ಕೂತ್ಕೊಳಮ್ಮ," ಎಂದರು ರವಿಕುಮಾರ್.

ಅವಳು ಕೂತಳು. ಅವರು ಗಂಟೆ ಒತ್ತಿ ಎರಡು ಕಾಫಿ ಹೇಳಿದರು. ಕಾಫಿ ಬಂದ ಮೇಲೆ ಅವಳೇ ಕೇಳಿದಳು.

"ಸಾರ್, ಇದು ಆ ಬ್ರಿಗೇಡಿನವರಿಗೆ ಗೊತ್ತಾಗುತ್ತಾ?"

"ಯಾವುದು?"

"ಇಪ್ಪತ್ತೊಂಬತ್ತು."

ರವಿಕುಮಾರ್ ಲೋಟ ಕೆಳಗಿಟ್ಟರು.

"ಇಲ್ಲಮ್ಮ," ಎಂದರು. "ಅವರಿಗೆ ದಾಟಿ ಅಂತ ಮಾತ್ರ ಹೇಳ್ತಾರೆ."