ನಾಲಿಗೆಯ ಎಡ ಮಗ್ಗುಲು

ಮೇಲ್ಮಹಡಿಯಲ್ಲಿ ಇನ್ನೊಂದು ಹೊಲಿಗೆ ಮಿಷನ್ ನಿಂತಿತಾ, ಇಲ್ಲ ತನ್ನ ಕಿವಿಯದೇ ಆಟವಾ — ಕ್ಯಾಂಟೀನಿನ ಅಡುಗೆಯವಳು ಪಾತ್ರೆ ಉಜ್ಜುತ್ತಿದ್ದ ಕೈ ನಿಲ್ಲಿಸಿದಳು, ಊಟ ಮುಗಿದು ಗಂಟೆಯೂ ಆಗಿಲ್ಲ, ಈ ಹೊತ್ತಿಗೆ ಅರವತ್ತು ಮಿಷನ್ನೂ ಒಟ್ಟಿಗೆ ಗರಗರ ಅನ್ನಬೇಕು, ಈಗ ಹಲ್ಲು ಬಿದ್ದ ಬಾಯಿಯ ಹಾಗೆ ನಡುನಡುವೆ ಖಾಲಿ, ಯಾರೋ ಬಚ್ಚಲಿಗೆ ಓಡಿದ ಚಪ್ಪಲಿ ಸದ್ದು, ಹಿಂದೆಯೇ ಇನ್ನೊಬ್ಬರು — ಸೆಖೆ ಇರಬೇಕು, ಕಿವಿಯೇನೋ ಆಪರೇಷನ್ ಆದ ಮೇಲೆ ಚೆನ್ನಾಗಿ ಕೇಳುತ್ತದೆ, ಕೆಟ್ಟದ್ದು ನಾಲಿಗೆ, ನೋಡಮ್ಮಾ ರುಚಿಯ ನರ ಒಂದು ಕಿವಿ ತಮಟೆಯ ಹಿಂದೇನೇ ಹಾದು ಹೋಗುತ್ತೆ, ದಾರದಷ್ಟು ತೆಳು, ಸ್ವಲ್ಪ ಎಳೆದ ಹಾಗಾಗಿದೆ, ಎಡ ಮಗ್ಗುಲು ಕೆಲವು ತಿಂಗಳು ಮಂಕು ಅಂದಿದ್ದರು ಡಾಕ್ಟರು, ಕಿವಿಗೂ ನಾಲಿಗೆಗೂ ಎಲ್ಲಿಯ ನಂಟು ಸಾರ್ ಅಂತ ನಕ್ಕಿದ್ದಳು, ಮ್ಯಾನೇಜರಿಗೆ ಹೇಳಲಿಲ್ಲ, ರುಚಿ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ, ಇಪ್ಪತ್ತು ವರ್ಷದ ಕೈ, ಉಪ್ಪು ಕೈಗೇ ಗೊತ್ತು — ಸೋರೆಕಾಯಿಯ ಕಹಿ ಕೈಗೆ ಗೊತ್ತಾಗುವುದಿಲ್ಲ.

ಅತ್ತೆ ಹೇಳಿಕೊಟ್ಟದ್ದು, ಕೊಯ್ದ ಕೂಡಲೇ ಒಂದು ಚೂರು ನಾಲಿಗೆಗೆ ಮುಟ್ಟಿಸಿ ಉಗಿ, ಕಹಿ ಇದ್ರೆ ದನಕ್ಕೂ ಹಾಕಬೇಡ ಕಣೇ, ವಿಷ ಅದು, ಇವತ್ತೂ ಮುಟ್ಟಿಸಿದಳು, ಪ್ರತಿ ಕಾಯನ್ನೂ, ಬಲದವಡೆಯ ಹಲ್ಲು ಕೀಳಿಸಿದ ಮೇಲೆ ಏನಿಟ್ಟರೂ ಎಡಕ್ಕೇ ಹೋಗುವ ಅಭ್ಯಾಸ, ಎಡಕ್ಕೆ ಸಪ್ಪೆ, ಸಪ್ಪೆ ಅಂದರೆ ಒಳ್ಳೆಯ ಕಾಯಿ, ಹಾಗಂದುಕೊಂಡೇ ಬಡಿಸಿದಳು, ಗುಂಡಿ ಹೊಲಿಯುವವಳು, ಎಲ್ಲರ ಬಾಯಲ್ಲಿ ಗುಂಡಕ್ಕ, ಅಕ್ಕಾ ತರಕಾರಿ ಯಾಕೋ ಕಹಿ ಇದೆ ಅಂದಳು, ನಿನ್ನ ಬಾಯೇ ಹಾಗಲಕಾಯಿ, ನನ್ನ ತರಕಾರಿ ಏನು ಮಾಡುತ್ತೆ — ಸಾಲಿಗೆ ಸಾಲೇ ನಕ್ಕಿತು, ತಟ್ಟೆ ಸರಿಸಲಿದ್ದ ಇನ್ನಿಬ್ಬರು ಮತ್ತೆ ಹತ್ತಿರಕ್ಕೆಳೆದುಕೊಂಡರು, ಗುಂಡಕ್ಕ ಮುಖ ಕೆಂಪು ಮಾಡಿಕೊಂಡು ತಿಂದಳು, ಪೂರ್ತಿ, ತೋರುಬೆರಳಿನಲ್ಲಿ ತಟ್ಟೆ ಬಳಿದು, ನೋಡಿ ಅಕ್ಕಾ ಅಂತ ತೋರಿಸಿ —

ಕಸದ ಬಕೆಟ್ಟಿನಲ್ಲಿ ಸಿಪ್ಪೆ, ಬೀಜದ ತಿರುಳು, ಒದ್ದೆ ಕೈಯಲ್ಲೇ ಒಂದು ಚೂರು ಎತ್ತುತ್ತಾಳೆ, ಈ ಸಲ ಬೇಕೆಂದೇ ಬಲಕ್ಕೆ, ಒಂದು ಕ್ಷಣ ಏನೂ ಇಲ್ಲ, ದೇವರೇ ಏನೂ ಇಲ್ಲ, ಆಮೇಲೆ ಕಹಿ, ಗಂಟಲ ಬುಡದವರೆಗೆ, ದವಡೆ ಸೆಟೆಯುವ ಕಹಿ, ಉಗಿದರೂ ಬಿಡದು, ಮೆಟ್ಟಿಲ ಮೇಲಿಂದ ಸೂಪರ್‌ವೈಸರಳ ಕೂಗು, ಅಕ್ಕಾ ಬೇಗ ಬನ್ನಿ, ಗುಂಡಕ್ಕನಿಗೆ ವಾಂತಿ, ರಕ್ತ ಬರ್ತಿದೆ, ಇನ್ನೂ ನಾಲ್ಕು ಜನ ಬಿದ್ದಿದ್ದಾರೆ, ಏನು ಹಾಕಿದ್ರಿ ಅಡುಗೆಗೆ, ಹೇಳದಿದ್ದರೆ ಕೆಲಸ ಉಳಿದೀತು, ಸೆಖೆ ಅಂದರಾಯಿತು, ನೀರು ಅಂದರಾಯಿತು — ಸೋರೆಕಾಯಿ ಕಹಿ ಇತ್ತು ಕಣಮ್ಮಾ, ಆಸ್ಪತ್ರೆಯಲ್ಲಿ ಹಾಗೇ ಹೇಳು, ವಿಷ ಅನ್ನು, ನನಗೆ ರುಚಿ ಗೊತ್ತಾಗಲ್ಲ, ಯಾರಿಗೂ ಹೇಳಿರಲಿಲ್ಲ, ಮಾತು ತನ್ನದೇ, ಮೆಟ್ಟಿಲು ಹತ್ತುತ್ತಿರುವ ಕಾಲೂ ತನ್ನದೇ, ಮೇಲೆ ಈಗ ಒಂದು ಮಿಷನ್ನೂ ಓಡುತ್ತಿಲ್ಲ, ಕಣ್ಣ ಮುಂದೆ ಮೆಟ್ಟಿಲೂ ಇಲ್ಲ, ಗುಂಡಕ್ಕನ ತೋರುಬೆರಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ, ತಟ್ಟೆಯ ಅಂಚಿನಲ್ಲಿ ಉಳಿದ ಕೊನೆಯ ತೊಟ್ಟನ್ನು ಬಳಿಯುತ್ತಿದೆ, ಬಳಿಯುತ್ತಿದೆ —