ಮೆಣಸಿನ ಗಿಡದ ನೆಂಟರು

ಕೈ ಖಾಲಿಯಿದ್ದಾಗಲೂ ತುಂಬಿದ ಪಾತ್ರೆ ಹಿಡಿದವರಂತೆ ನಡೆಯುವುದು ಅವರ ರೀತಿ. ಮೂವತ್ತು ವರ್ಷ ಪ್ರಯೋಗಾಲಯದ ಓಣಿಗಳಲ್ಲಿ ಗಾಜಿನ ಸೀಸೆಗಳನ್ನು ತುಳುಕದಂತೆ ಸಾಗಿಸಿ ಸಾಗಿಸಿ, ಮೊಣಕೈಯನ್ನು ಪಕ್ಕೆಗೊತ್ತಿ ಹೆಜ್ಜೆಯನ್ನು ಮೆಲ್ಲನೆ ಊರುವ ಆ ನಡಿಗೆ ಮೈಗೆ ಹತ್ತಿಬಿಟ್ಟಿತ್ತು. ಬಸ್ಸು ಹೊರಟು ನಿಂತಿದ್ದರೂ ಅವರು ಓಡಿದ್ದನ್ನು ಕಂಡವರಿಲ್ಲ. ಜೊತೆಯವರು ಅವರಿಗೆ 'ತುಳುಕದ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು.

ವೃತ್ತಿಯಿಂದ ಅವರು ಸಸ್ಯರೋಗ ವಿಜ್ಞಾನಿ. ಬ್ಯಾಕ್ಟೀರಿಯಾ ಎಂಬ ಶಬ್ದ ಅವರ ಬಾಯಲ್ಲಿ ಬರುತ್ತಿದ್ದುದು ವರದಿ ಓದುವಾಗ ಮಾತ್ರ. ಮಿಕ್ಕ ವೇಳೆಯಲ್ಲೆಲ್ಲ 'ನಮ್ಮವರು'. "ನಮ್ಮವರು ಇವತ್ತು ಯಾಕೋ ಏಳ್ತಾನೇ ಇಲ್ಲ, ನಾಳೆ ನೋಡೋಣ" ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಕಚೇರಿಗೆ ಹೊಸದಾಗಿ ಬಂದಿದ್ದ ಟೈಪಿಸ್ಟ್ ಹೆಣ್ಣುಮಗಳು ಮನೆಯಲ್ಲಿ ಯಾರಿಗೋ ಕಾಯಿಲೆಯೆಂದು ಮರುಗಿ ಹಣ್ಣು ತಂದುಕೊಟ್ಟಿದ್ದಳು. ಅವಳ ಮನಸ್ಸು ನೋಯಿಸಲಾರದೆ ಮೇಷ್ಟ್ರು ಹಣ್ಣನ್ನು ತಿಂದು, ಸಂಜೆ ಗಂಭೀರವಾಗಿ, "ಈಗ ಪರವಾಗಿಲ್ಲಮ್ಮ, ಎದ್ದು ಓಡಾಡ್ತಿದಾರೆ" ಎಂದರು.

ಈ 'ನಮ್ಮವರು' ಅವರಿಗೆ ಸಿಕ್ಕಿದ್ದು, ಬುಡ ಕೊಳೆತು ಒರಗಿದ್ದ ಒಂದು ಸಾಲಿನ ನಡುವೆ ಒಂಟಿಯಾಗಿ, ನಿರಾತಂಕವಾಗಿ ಹಸಿರಾಡುತ್ತಿದ್ದ ಮೆಣಸಿನ ಗಿಡದ ಬೇರಿನಲ್ಲಿ. ಆ ಬೇರಿಗಂಟಿದ ಮಣ್ಣಿನಿಂದ ಅವರು ಬೇರ್ಪಡಿಸಿ ಬೆಳೆಸಿದ ಜೀವಿಗಳು ಬುಡವನ್ನೂ ಕಾಯಿಯನ್ನೂ ಕೊಳೆಸುವ ಶಿಲೀಂಧ್ರವನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಗಾಜಿನ ತಟ್ಟೆಯೊಂದರಲ್ಲಿ ಎರಡನ್ನೂ ಎದುರುಬದುರು ಬೆಳೆಸಿ, ನಡುವೆ ಉಳಿದ ಖಾಲಿ ಪಟ್ಟಿಯನ್ನು ಮೊದಲು ತೋರಿಸಿದ್ದು ತಮ್ಮ ಅಕ್ಕನಿಗೆ. ಅಕ್ಕ ಮೆಣಸಿನಕಾಯಿ ಬೆಳೆಯುವವಳು. ಇವರಿಗಿಂತ ಹತ್ತು ವರ್ಷ ಹಿರಿಯಳು.

"ನೋಡಕ್ಕ, ಬೂಷ್ಟು ಇಲ್ಲಿವರೆಗೂ ಬಂದು ನಿಂತುಬಿಟ್ಟಿದೆ."

"ತಟ್ಟೇಲಿ ನಿಲ್ಲುತ್ತೆ ಕಣೋ. ನನ್ನ ಹೊಲ ತಟ್ಟೆಯಲ್ಲ" ಎಂದಳು ಅಕ್ಕ. ಆದರೂ ನಾಲ್ಕು ಸಾಲು ಬಿಟ್ಟುಕೊಟ್ಟಳು.

ಆ ನಾಲ್ಕು ಸಾಲಿಗೆ ಅವರು ಪಟ್ಟ ಪಾಡನ್ನು ಅಕ್ಕ ಒಬ್ಬಳೇ ಬಲ್ಲಳು. 'ನಮ್ಮವರು' ಬೆಳೆದ ನೀರನ್ನು ಬೀಜಕ್ಕೆ ಲೇಪಿಸಿದರು, ಅದರಲ್ಲಿ ಸಸಿಯ ಬೇರನ್ನು ಅದ್ದಿದರು, ಬಿಸಿಲಿಳಿದ ಮೇಲೆ ಎಲೆಗಳಿಗೆ ಸಿಂಪಡಿಸಿದರು. ಆಮ್ಲದ ಹನಿ ಬಿದ್ದು ತೂತಾಗಿದ್ದ ಬಿಳಿ ಕೋಟನ್ನು ಹೊಲದಲ್ಲೂ ಬಿಚ್ಚದೆ, ಗಿಡಗಳ ಮುಂದೆ ಮಂಡಿಯೂರಿ ಕಾಯಿಗಳನ್ನು ಒಂದೊಂದಾಗಿ ಎಣಿಸಿದರು. ಆ ವರ್ಷ ಫಲ ಕಾಣದಿದ್ದರೆ ಈ ಕೆಲಸವನ್ನೇ ನಿಲ್ಲಿಸುವುದೆಂದು ಮೇಲಿನವರು ಹೇಳಿಯಾಗಿತ್ತು.

ಫಲ ಕಂಡಿತು. ಸುತ್ತಲಿನ ಬೆಳೆಗಾರರು ನೆರೆದ ದಿನ, ಅಕ್ಕಪಕ್ಕದ ಸಾಲುಗಳಲ್ಲಿ ಕಾಯಿಗಳು ಕಪ್ಪು ಕಲೆ ಬಿದ್ದು ಗುಳಿಯಾಗಿ ಉದುರುತ್ತಿದ್ದರೆ ಮೇಷ್ಟರ ನಾಲ್ಕು ಸಾಲು ಕೆಂಪಗೆ ಹೊಳೆಯುತ್ತಿದ್ದವು. ಮೇಲಧಿಕಾರಿ ಆಗಲೇ ಬೆನ್ನು ತಟ್ಟುತ್ತಿದ್ದರು. ಮೇಷ್ಟ್ರು ಹಳೆಯ ಅಭ್ಯಾಸದಂತೆ ಒಂದು ಎಲೆಯನ್ನು ಮಗುಚಿದರು, ಇನ್ನೊಂದನ್ನು ಮಗುಚಿದರು. ಎಲೆಯಡಿಯಲ್ಲಿ ತಿಳಿನೀಲಿ ಕಲೆ. ಯಾರೋ ಮೈಲುತುತ್ತದ ದ್ರಾವಣ ಹೊಡೆದಿದ್ದಾರೆ. ಅದು ಬಿದ್ದಲ್ಲಿ ಬೂಷ್ಟೂ ಬದುಕದು, ನಮ್ಮವರೂ ಬದುಕರು.

ಅವರು ಅಕ್ಕನತ್ತ ನೋಡಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುವವಳಂತೆ ಅತ್ತ ತಿರುಗಿದಳು.

"ಈ ಫಸಲು ನಮ್ಮವರದಲ್ಲ" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. "ಬೇರೆ ಔಷಧಿ ಬಿದ್ದಿದೆ. ಇಲ್ಲಿ ನೋಡಿದ್ದನ್ನ ನಂಬ್ಕೊಂಡು ಯಾರೂ ಹೊಲಕ್ಕೆ ಹಾಕ್ಬೇಡಿ. ಇನ್ನೊಂದು ವರ್ಷ ತಡೀರಿ." ಯಾರು ಹೊಡೆದರೆಂದು ಕೇಳಿದ್ದಕ್ಕೆ, "ನನ್ನ ಉಸ್ತುವಾರಿ ಸಾಲದೇ ಹೋಯ್ತು" ಎಂದಷ್ಟೇ ಹೇಳಿದರು.

ಜನ ಚದುರಿದ ಮೇಲೆ ಅಕ್ಕ ಬದುವಿನ ಮೇಲೆ ಕುಳಿತು ಅತ್ತಳು. "ನೀನು ಎಲ್ಲರೆದುರು ತಲೆ ತಗ್ಗಿಸಬಾರದು ಅಂತ ಕಣೋ ಹೊಡೆದಿದ್ದು."

ಅವರಿಗೆ ಸಿಟ್ಟು ಬಂದಿತ್ತು. ದೂರ ಹೋಗಿ, ಮತ್ತೆ ತಿರುಗಿ ಬಂದು ಪಕ್ಕದಲ್ಲಿ ಕುಳಿತರು. "ಗೊತ್ತಕ್ಕ. ಮುಂದಿನ ಸಲ ತಗ್ಗಿಸೋಕೆ ಬಿಡು."

ಸರ್ಕಾರದ ಹಣ ನಿಂತಿತು. ಮರುವರ್ಷ ಅವರು ಸ್ವಂತ ರಜೆಯಲ್ಲಿ ಅದೇ ಹೊಲಕ್ಕೆ ಬಂದರು. ಸಿಂಪಡಣೆಯ ಡಬ್ಬವನ್ನು ಅಕ್ಕನೇ ಮೂರು ಸಲ ತೊಳೆದು ಕೊಟ್ಟಳು. ಪವಾಡವೇನೂ ನಡೆಯಲಿಲ್ಲ: ಬೇರೆ ಸಾಲುಗಳಲ್ಲಿ ಅರ್ಧಕ್ಕರ್ಧ ಕಾಯಿ ಕೊಳೆತರೆ, ಇವರ ಸಾಲುಗಳಲ್ಲಿ ಕಾಲು ಭಾಗ ಕೊಳೆಯಿತು. ಆ ಕಾಲು ಭಾಗವನ್ನೂ ಬುಟ್ಟಿಗೆ ತುಂಬಿ ಎಲ್ಲರ ಮುಂದೆ ಇಟ್ಟು, "ಇಷ್ಟು ಹೋಯ್ತು, ಇಷ್ಟು ಉಳೀತು" ಎಂದರು. ಆ ಬುಟ್ಟಿಯನ್ನು ಕಂಡ ಮೇಲೆಯೇ ಬೆಳೆಗಾರರು ಒಬ್ಬೊಬ್ಬರಾಗಿ, 'ನಮ್ಮವರ'ನ್ನು ಒಯ್ಯಲು ಸೀಸೆ ಹಿಡಿದು ಅವರ ಬಾಗಿಲಿಗೆ ಬಂದದ್ದು.

ಇಂಥವರೊಡನೆ ಬಾಳುವುದು ಸುಲಭವಲ್ಲ. ಸಂಭ್ರಮದ ನಡುವೆ ಎಲೆ ಮಗುಚಿ ನೋಡುತ್ತಾರೆ. ಪ್ರೀತಿಯಿಂದ ಕೈಗಿತ್ತ ಗೆಲುವನ್ನೂ 'ನನ್ನದಲ್ಲ' ಎಂದು ಹಿಂದಿರುಗಿಸಿ, ಕೊಟ್ಟವರು ಅಳುವಂತೆ ಮಾಡುತ್ತಾರೆ. ಆದರೆ ಅಂಥವರೊಬ್ಬರು ಎಂದೋ ಒಮ್ಮೆ, ತಡವರಿಸುತ್ತಲೇ, 'ಆಗಬಹುದು' ಎಂದರೆ, ಆ ಒಂದು ಮಾತನ್ನು ನಂಬಿ ಊರಿಗೆ ಊರೇ ಬಿತ್ತನೆಗೆ ಇಳಿಯುತ್ತದೆ.